ಓನರ್ ಮಗ

ನಂದೀಶನಿಗೆ ಹೆವಿ ಲೈಸೆನ್ಸ್ ಬಂದ ದಿನ ಮನೆಯಲ್ಲಿ ಯಾರೂ ಸಿಹಿ ಮಾಡಲಿಲ್ಲ. ಬಂದಿದ್ದು ಹೆಂಡತಿ ಶೋಭಾರಾಣಿಯೊಬ್ಬಳಿಗೆ ಬಿಟ್ಟರೆ ಬೇರೆಯವರಿಗೆ ಗೊತ್ತೇ ಇರಲಿಲ್ಲ. ಅವಳು ಅಡುಗೆಮನೆಯ ಬಾಗಿಲ ಮರೆಯಲ್ಲಿ ಅವನ ಬಾಯಿಗೆ ಒಂದು ಚೂರು ಬೆಲ್ಲ ಇಟ್ಟು, “ಇನ್ನೇನು, ಲಾರಿ ಓಡ್ಸೋದೊಂದೇ ಬಾಕಿ” ಎಂದು ನಕ್ಕಳು.

ಟಿ. ದಾಸರಹಳ್ಳಿಯ ಆ ಬೀದಿಯಲ್ಲಿ ಶ್ಯಾಮಣ್ಣನ ಬಿಲ್ಡಿಂಗ್ ಎಂದರೆ ಯಾರು ಬೇಕಾದರೂ ಕೈ ತೋರಿಸುತ್ತಾರೆ. ಅಪ್ಪನ ಕಾಲದ ರಾಗಿ ಹೊಲದ ಮೇಲೆಲ್ಲ ಫ್ಯಾಕ್ಟರಿ ಶೆಡ್ಡುಗಳು ಎದ್ದ ಮೇಲೆ ಉಳಿದ ತುಂಡು ಜಾಗದಲ್ಲಿ ಎಬ್ಬಿಸಿದ ನಾಲ್ಕಂತಸ್ತು ಅದು. ಕೆಳಗೆ ಮನೆಯವರು, ಮೇಲೆಲ್ಲ ಬೆಂಕಿಪೊಟ್ಟಣಗಳನ್ನು ಜೋಡಿಸಿದ ಹಾಗೆ ಬಾಡಿಗೆ ಮನೆಗಳು. ಬೆಳಿಗ್ಗೆ ಎದ್ದು ಮೋಟರ್ ಹಾಕುವುದು, ನೀರಿನ ಸಂಪಿನೊಳಗೆ ಇಣುಕುವುದು, ನೀರಿಲ್ಲದಿದ್ದರೆ ಟ್ಯಾಂಕರಿಗೆ ಫೋನ್ ಮಾಡುವುದು, ತಿಂಗಳ ಮೊದಲ ವಾರ ಮೆಟ್ಟಿಲು ಹತ್ತಿ ಬಾಡಿಗೆ ಕೇಳುವುದು, ಇಷ್ಟೇ ನಂದೀಶನ ಉದ್ಯೋಗ. ಸಂಬಳವಿಲ್ಲ, ರಜೆಯಿಲ್ಲ, ರಾಜೀನಾಮೆ ಕೊಡುವ ಹಾಗೂ ಇಲ್ಲ. ಇಪ್ಪತ್ತೇಳು ವರ್ಷವಾದರೂ ಬೀದಿಯವರ ಬಾಯಲ್ಲಿ ಅವನಿಗೆ ಒಂದು ಹೆಸರಿರಲಿಲ್ಲ. ಓನರ್ ಮಗ, ಅಷ್ಟೆ.

ಶೋಭಾರಾಣಿಯ ಪಾಡೂ ಇದಕ್ಕಿಂತ ಮೇಲೇನಲ್ಲ. ಮದುವೆಗೆ ಮುಂಚೆ ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಕೆಲಸ ಮಾಡುತ್ತಿದ್ದವಳು. ಸೊಸೆಯಾಗಿ ಬಂದ ವಾರಕ್ಕೇ ಮಾವ, “ನಮ್ ಬಾಡಿಗೆಯೋರು ಓಗೋ ಕಂಪ್ನಿಗೆ ಓನರ್ ಮನೆ ಸೊಸೆ ಓಗಾದಾ? ನಾಳೆ ಅವರು ನಂಗೆ ಮರ್ಯಾದೆ ಕೊಡ್ತಾರಾ?” ಎಂದು ಆ ಬಾಗಿಲು ಮುಚ್ಚಿದ್ದರು. ಈಗ ತಲೆಗೆ ಹಾಕುವ ಕ್ಲಿಪ್ಪು ಬೇಕೆಂದರೂ ಅವಳು ಅತ್ತೆಗೆ ಹೇಳಬೇಕು, ಅತ್ತೆ ಮಾವನಿಗೆ ಹೇಳಬೇಕು, ಮಾವ “ಏನಕ್ಕೆ?” ಎನ್ನಬೇಕು.

ಲೈಸೆನ್ಸ್ ಹಿಡಿದುಕೊಂಡು ನಂದೀಶ ತುಮಕೂರು ರಸ್ತೆಯ ಟ್ರಾನ್ಸ್‌ಪೋರ್ಟ್ ಆಫೀಸುಗಳನ್ನೆಲ್ಲ ಸುತ್ತಿದ. ಎಲ್ಲ ಕಡೆಯೂ ಒಂದೇ ಪ್ರಶ್ನೆ: ಎಷ್ಟು ವರ್ಷ ಓಡಿಸಿದ್ದೀಯ? ಓಡಿಸಿಲ್ಲ ಎಂದರೆ ಗಾಡಿ ಕೊಡುವುದಿಲ್ಲ, ಗಾಡಿ ಕೊಡದೆ ಓಡಿಸುವುದು ಹೇಗೆ ಎಂದರೆ ಅದಕ್ಕೆ ಉತ್ತರವಿಲ್ಲ. ಕೊನೆಗೆ ದಾರಿ ತೋರಿಸಿದವನು ಮೂರನೇ ಮಹಡಿಯ ಭೀಮಪ್ಪ. ಸಿಂದಗಿ ಕಡೆಯವನು, ಹತ್ತು ಚಕ್ರದ ಲಾರಿಯ ಡ್ರೈವರು. ಟ್ರಿಪ್ಪಿಗೆ ಹೋದರೆ ವಾರ ಕಾಣದವನು ಅವತ್ತು ಟೆರೇಸಿನ ಮೇಲೆ ಬಿಸಿಲು ಕಾಯಿಸುತ್ತ ಕೂತಿದ್ದ. ಶೋಭಾರಾಣಿ ಬಟ್ಟೆ ಹರವುತ್ತಿದ್ದಳು.

“ಲೈಸೆನ್ಸ್ ಕೈಯಾಗ ಇದ್ರ ಡ್ರೈವರ್ ಆಗೂದಿಲ್ರಿ ನಂದೀಶಣ್ಣ. ಮದಲ ಕ್ಲೀನರ್ ಆಗಬೇಕು. ಟಾಯರ್ ಬಡದು ಗಾಳಿ ನೋಡಬೇಕು, ಟಾರ್ಪಾಲ್ ಬಿಗಿಬೇಕು, ಹಿಂದ ನಿಂತು ಬರ್ಲಿ ಬರ್ಲಿ ಅನ್ನಬೇಕು. ನಮ್ಮ ಗಾಡ್ಯಾಗ ಈಗ ಕ್ಲೀನರ್ ಇಲ್ಲ. ಬರ್ರಿ. ಹಿರಿಯೂರು ದಾಟಿದ ಮ್ಯಾಲೆ ರೋಡ್ ಖಾಲಿ ಇದ್ದಲ್ಲಿ ಸ್ಟೇರಿಂಗ್ ಕೊಡ್ತೀನಿ. ಒಂದ್ ವರ್ಷ ತಡಕೊಂಡ್ರ ನಮ್ಮ ಸಾಹುಕಾರ ನಿಮಗ ಒಂದು ಗಾಡಿ ಕೊಟ್ಟೇ ಕೊಡ್ತಾನ. ಪಗಾರ ಮಾತ್ರ ಕೇಳಬ್ಯಾಡ್ರಿ.”

“ಎಷ್ಟು ಕೊಡ್ತಾರಣ್ಣ?” ಎಂದಳು ಶೋಭಾರಾಣಿ.

“ಕೇಳಬ್ಯಾಡ್ರಿ ಅಂದ್ನಲ್ರಿ ಅಕ್ಕಾರ,” ಭೀಮಪ್ಪ ನಕ್ಕ. “ಒಂಬತ್ತು ಸಾವಿರ. ಊಟದ ಬಾಟಾ ರೊಕ್ಕ ಬ್ಯಾರೆ.”

ತಾನು ಗಾರ್ಮೆಂಟ್ಸ್‌ನಲ್ಲಿ ತರುತ್ತಿದ್ದುದೇ ಇದಕ್ಕಿಂತ ಹೆಚ್ಚು ಎಂದು ಶೋಭಾರಾಣಿಗೆ ಅನಿಸಿತು. ಅದರ ಜೊತೆಗೇ, ಗಂಡ ತಿಂಗಳಲ್ಲಿ ಇಪ್ಪತ್ತು ದಿನ ರಸ್ತೆಯ ಮೇಲಿದ್ದರೆ ಅತ್ತೆ ಮಾವನ ನಡುವೆ ತಾನೊಬ್ಬಳೇ ಎಂಬ ದಿಗಿಲೂ ಬಂತು. ಆದರೆ ನಂದೀಶನ ಮುಖ ನೋಡಿದಳು. ಮದುವೆಯಾದ ಎರಡು ವರ್ಷದಲ್ಲಿ ಆ ಮುಖದಲ್ಲಿ ಅಷ್ಟು ಬೆಳಕನ್ನು ಅವಳು ನೋಡಿರಲಿಲ್ಲ.

“ಮಾವನ್ನ ಕೇಳಿ. ನಾನೂ ಪಕ್ಕದಲ್ಲೇ ಇರ್ತೀನಿ,” ಎಂದಳು.

ಮಾರನೇ ದಿನ ಬೆಳಗಿನ ಊಟಕ್ಕೆ ಕೂತಾಗ ಲೈಸೆನ್ಸಿನ ವಿಷಯವನ್ನೂ ಹೇಳಿ ಕೇಳಿದ್ದಾಯಿತು. ಶ್ಯಾಮಣ್ಣ ಬಾಯಲ್ಲಿದ್ದ ತುತ್ತು ನುಂಗಿ, ನೀರು ಕುಡಿದು, ಸಾವಕಾಶವಾಗಿ ಶುರು ಮಾಡಿದರು.

“ಮೇಲಿನ ಸಿಂಗಲ್ ರೂಮಿಗೇ ಎಂಟು ಸಾವ್ರ ಬತ್ತದೆ ಕಣ್ಲಾ. ಒಂಬತ್ತು ಸಾವ್ರಕ್ಕೆ ಲಾರಿ ಒರೆಸಾಕೆ ಓಯ್ತೀಯಾ? ಅದೂ ನಮ್ಮನೇಲಿ ಬಾಡಿಗೆಗಿರೋನ ಕೈ ಕೆಳಗೆ?”

“ಒಂದು ವರ್ಷ ಅಷ್ಟೇ ಅಪ್ಪ. ಅನುಭವ ಇಲ್ದೆ ಯಾರೂ ಗಾಡಿ ಮುಟ್ಟಕ್ ಬಿಡಲ್ಲ.”

“ಅವನು ‘ಲೇ, ನೀರು ತಗೊಂಬಾ’ ಅಂದ್ರೆ ತಗೊಂಡೋಯ್ತೀಯಾ? ಒಂದನೇ ತಾರೀಕು ಅದೇ ಮುಖ ಇಟ್ಕೊಂಡು ಓಗಿ ಬಾಡಿಗೆ ಕೇಳ್ತೀಯಾ?”

“ಅದ್ರಲ್ಲೇನಿದೆ? ಕೆಲ್ಸ ಕೆಲ್ಸ, ಬಾಡಿಗೆ ಬಾಡಿಗೆ.”

“ನಿಂಗೇನಿಲ್ಲ, ನಂಗೈತೆ,” ಎಂದು ಶ್ಯಾಮಣ್ಣ ತಟ್ಟೆಯಲ್ಲೇ ಕೈ ತೊಳೆದರು. ಅರ್ಧ ಮುದ್ದೆ ಹಾಗೇ ಉಳಿದಿತ್ತು. ಅತ್ತೆ ವೆಂಕಟಮ್ಮ ಮಗನ ಕಡೆ ಒಮ್ಮೆ, ಮುದ್ದೆಯ ಕಡೆ ಒಮ್ಮೆ ನೋಡಿ, “ಉಣ್ಣೋ ಒತ್ತಲ್ಲಿ ಯಾಕಪ್ಪ ಇವೆಲ್ಲ” ಎಂದರು. ನಿಜ ಹೇಳಬೇಕೆಂದರೆ ಆ ಮನೆಯಲ್ಲಿ ಉಣ್ಣುವ ಹೊತ್ತು ಬಿಟ್ಟರೆ ಎಲ್ಲರೂ ಒಟ್ಟಿಗೆ ಕೂರುವ ಹೊತ್ತೇ ಇರಲಿಲ್ಲ.

ಒಂದು ಟ್ರಿಪ್ ಹೋಗಿ ನೋಡಿ, ಆಗದಿದ್ದರೆ ಬಿಡಿ ಎಂದವಳು ಶೋಭಾರಾಣಿಯೇ. ಸುಳ್ಳು ಹೆಣೆದವಳೂ ಅವಳೇ. ಗೆಳೆಯ ಹರ್ಷವರ್ಧನನ ಮದುವೆ, ಹಾಸನದಲ್ಲಿ. ವೆಂಕಟಮ್ಮ ಪಾಪ, “ಅವ್ನು ನಿಮ್ ಮದ್ವೆಗೆ ಮುಯ್ಯಿ ಮಾಡಿದ್ನಲ್ಲ, ಬರಿಗೈಲಿ ಓಗಬಾರ್ದು” ಎಂದು ಸೆರಗಿನ ಗಂಟಿನಿಂದ ದುಡ್ಡು ತೆಗೆದು ಕವರಿಗೆ ಹಾಕಿ ಕೊಟ್ಟರು. ನಂಬಿಕೆ ಬರಲೆಂದು ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು ನಂದೀಶ ಕ್ಲೀನರ್ ಕೆಲಸಕ್ಕೆ ಹೊರಟ. ಭೀಮಪ್ಪನ ಹೆಂಡತಿ ಮಹಾಂತಮ್ಮ ಇಬ್ಬರಿಗೂ ಆಗುವಷ್ಟು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಿದ್ದಳು.

ಬೆಳಗಾವಿಗೆ ಹೋಗಿ ಬರುವ ಲೋಡು ಒಂದು ದಿನದ ಮದುವೆಯಲ್ಲಿ ಹಿಡಿಸುವುದೇ? ಅನ್‌ಲೋಡಿಂಗ್ ತಡವಾಯಿತೆಂದು ಅವನ ಫೋನ್ ಬಂದಾಗಲೆಲ್ಲ ಶೋಭಾರಾಣಿ ಸುಳ್ಳಿಗೆ ಒಂದೊಂದು ಊರು ಸೇರಿಸುತ್ತ ಹೋದಳು. ಮದುವೆಯಾಯಿತು, ಬೀಗರೂಟವಾಯಿತು, ಅಲ್ಲಿಂದ ಗೆಳೆಯರೆಲ್ಲ ಧರ್ಮಸ್ಥಳಕ್ಕೆ ಹೋದರು. “ದೇವ್ರ ದರ್ಶನ ಒಳ್ಳೇದೆ ಬಿಡು,” ಎಂದರು ಅತ್ತೆ.

ಬಂದವನ ಶರ್ಟಿನ ಬಣ್ಣ ಕೇಳುವ ಹಾಗಿರಲಿಲ್ಲ. ಅದನ್ನು ಬಕೆಟ್ಟಿಗೆ ಮುಳುಗಿಸಿ ಮೇಲೆ ಸೋಪಿನ ನೊರೆ ಹಾಕಿದಳು. ನಂದೀಶ ಮಾತ್ರ ಬಚ್ಚಲ ಬಾಗಿಲಲ್ಲೇ ನಿಂತು ಹೇಳಿದ್ದೇ ಹೇಳಿದ್ದು.

“ಟೈರಿಗೆ ಕೋಲಲ್ಲಿ ಹೊಡೆದ್ರೆ ಗಾಳಿ ಸರಿ ಇದ್ರೆ ಟಣ್ ಅನ್ನುತ್ತೆ ಶೋಭಾ, ಕಮ್ಮಿ ಇದ್ರೆ ದಬ್ ಅನ್ನುತ್ತೆ. ರಾಣೆಬೆನ್ನೂರು ದಾಟಿದ್ಮೇಲೆ ಕೊಟ್ರು ಕಣೇ ಸ್ಟೇರಿಂಗು! ಎಷ್ಟು ಎತ್ತರದಲ್ಲಿ ಕೂತಿರ್ತೀವಿ ಗೊತ್ತಾ? ಅಲ್ಲಿ ಯಾರಿಗೂ ನಾನು ಓನರ್ ಮಗ ಅಲ್ಲ.”

“ಕೈ ತೋರ್ಸಿ,” ಎಂದಳು. ಟಾರ್ಪಾಲಿನ ಹಗ್ಗ ಎಳೆದು ಎಳೆದು ಎರಡೂ ಅಂಗೈ ಕಿತ್ತುಬಂದಿದ್ದವು.

ಆ ಕೈಯೇ ಅವನನ್ನು ಹಿಡಿದುಕೊಟ್ಟಿತು. ಮಧ್ಯಾಹ್ನ ವೆಂಕಟಮ್ಮ ಬಿಸಿ ಮುದ್ದೆಗೆ ಉಪ್ಪೆಸರು ಬಡಿಸಿ, ಖಾರವನ್ನು ಕೈಯಾರೆ ಹಾಕಿದರು. ನಂದೀಶ ಬೆರಳಿಟ್ಟ, ತೆಗೆದ, ಮತ್ತೆ ಇಟ್ಟ. ಕಣ್ಣಲ್ಲಿ ನೀರು ಬಂತು. “ಶೋಭಾ, ಒಂದು ಚಮಚ ಕೊಡು,” ಎಂದ.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಆ ಮನೆಯಲ್ಲಿ ಜ್ವರ ಬಂದವರೂ ಮುದ್ದೆಯನ್ನು ಚಮಚದಲ್ಲಿ ಉಂಡಿರಲಿಲ್ಲ.

“ಮುದ್ದೆಗೆ ಚಮಚ ಆಕ್ತಾರೇನ್ಲಾ ಯಾರಾದ್ರೂ? ಎಲ್ಲಿ, ಕೈ ತೋರ್ಸು,” ಎಂದರು ಶ್ಯಾಮಣ್ಣ.

ನಂದೀಶ ತೋರಿಸಲಿಲ್ಲ. ಅವರೇ ಮಣಿಕಟ್ಟು ಹಿಡಿದು ತಿರುಗಿಸಿ ನೋಡಿದರು. ಹಗ್ಗದ ಗಾಯ ಯಾವುದು ಎಂದು ರೈತನ ಮಗನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ಆಸನದಾಗೆ ಮದ್ವೆ ಮನೆ ಚಪ್ಪರ ನೀನೇ ಕಟ್ಟಿದ್ಯಾ?”

ವೆಂಕಟಮ್ಮ ಸೊಸೆಯ ಮುಖ ನೋಡಿದರು. “ಸುಳ್ಳಿಗೆ ಧರ್ಮಸ್ಥಳದ ಎಸ್ರು ಏಳ್ಬಿಟ್ಟೆಯಲ್ಲಮ್ಮ ನೀನು,” ಎಂದರು. ಶೋಭಾರಾಣಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಶ್ಯಾಮಣ್ಣ ಅವತ್ತು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಮಾರನೇ ಬೆಳಿಗ್ಗೆ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತು ಮಗನನ್ನು ಕರೆದರು. ಅಂಗಳ ಗುಡಿಸುತ್ತಿದ್ದ ಶೋಭಾರಾಣಿ ಪೊರಕೆ ನಿಲ್ಲಿಸಿದಳು.

“ಭೀಮಪ್ಪಂಗೆ ಏಳು, ತಿಂಗಳ ಕೊನೆಗೆ ಮನೆ ಖಾಲಿ ಮಾಡ್ಲಿ. ಬಾಡಿಗೆಯೋರ ವ್ಯವಹಾರ ನಿಂದೇ ಅಲ್ವಾ, ನೀನೇ ಏಳು.”

“ಅಪ್ಪ, ಅವ್ರ ಮಗಳು ಹತ್ತನೇ ಕ್ಲಾಸು. ಮಾರ್ಚ್‌ನಲ್ಲಿ ಪರೀಕ್ಷೆ. ಸ್ಕೂಲು ಇಲ್ಲೇ ಹಿಂದಿನ ಬೀದೀಲಿ. ಈಗ ಎಲ್ಲಿಗೆ ಹೋಗ್ತಾರೆ?”

“ಅಂಗಾರೆ ನೀನು ಸುಮ್ಕಿರು. ನೀನು ಸುಮ್ಕಿದ್ರೆ ಅವನೂ ಇರ್ತಾನೆ. ಲಾರಿ ಅತ್ತಿದ್ಯೋ, ಅವತ್ತೇ ಅವರ ಪಾತ್ರೆ ಪಗಡಿ ಬೀದೀಲಿರ್ತವೆ.”

ಇದನ್ನು ಹೇಳುವಾಗ ಅವರ ದನಿ ಸಂಪಿಗೆ ನೀರು ಬಂತಾ ಎಂದು ಕೇಳುವಾಗಿನಷ್ಟೇ ತಣ್ಣಗಿತ್ತು. ಶೋಭಾರಾಣಿಗೆ ಮೈಯೆಲ್ಲ ಉರಿಯಿತು.

“ಭೀಮಪ್ಪಣ್ಣಂಗೆ ನಿಜ ಹೇಳ್ಬಿಡೋಣ ಕಣ್ರೀ,” ಎಂದಳು ರೂಮಿನಲ್ಲಿ.

“ಹೇಳಿದ್ರೆ ಅವ್ರು ಒಂದು ದಿನಾನೂ ಇರಲ್ಲ. ಮಾನಸ್ಥರು. ಮಗಳ ಓದು ಹಾಳಾಗುತ್ತೆ.”

“ಹಾಗಾದ್ರೆ?”

“ಹಾಗಾದ್ರೆ ಏನಿಲ್ಲ,” ಎಂದು ಅವನು ಮೋಟರ್ ಆಫ್ ಮಾಡಲು ಎದ್ದು ಹೋದ.

ಆ ವಾರ ಮನೆಯಲ್ಲಿ ಮಾತು ಕಡಿಮೆ, ಅವರೆಕಾಯಿ ಜಾಸ್ತಿ. ಸೊಗಡು ಅವರೆಯ ಕಾಲ. ನೆನೆಸಿದ ಕಾಳನ್ನು ಮುಂದಿಟ್ಟುಕೊಂಡು ಅತ್ತೆ ಸೊಸೆ ಎದುರುಬದುರು ಕೂತು ಹಿದುಕುತ್ತಿದ್ದರು. ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ. ಶೋಭಾರಾಣಿಯ ಕೋಪವೆಲ್ಲ ಬೆರಳಿಗೆ ಬಂದು ಬೇಳೆ ಗೋಡೆಯವರೆಗೂ ಹಾರುತ್ತಿತ್ತು.

“ಮಾವ ಮಾಡ್ತಿರೋದು ಸರೀನಾ ಅತ್ತೆ?”

ವೆಂಕಟಮ್ಮ ಗೋಡೆಯ ಬುಡಕ್ಕೆ ಹಾರಿದ್ದ ಬೇಳೆಯನ್ನು ಆರಿಸಿ ತಂದು ರಾಶಿಗೆ ಹಾಕಿದರು.

“ಒಲ ಕೈ ಬಿಟ್ಟು ಓದಾಗ ಕಂಪ್ನಿಯೋರು ನಿಮ್ಮಾವಂಗೆ ಕೆಲ್ಸ ಕೊಟ್ಟಿದ್ರು, ಗೊತ್ತಾ ನಿಂಗೆ?”

“ಇಲ್ಲ.”

“ಗುಡಿಸೋ ಕೆಲ್ಸ. ರಾಗಿ ಬಿತ್ತಿದ್ ಜಾಗಕ್ಕೇ ಸಿಮೆಂಟ್ ಆಕಿ, ಅದನ್ನೇ ಪೊರಕೆ ತಗೊಂಡು ಗುಡಿಸ್ಬೇಕು. ಮೊದ್ಲು ಇದು ಮಾಡು, ಅನುಭವ ಆದ್ಮೇಲೆ ಮಿಷಿನ್ ಕೊಡ್ತೀವಿ ಅಂದಿದ್ರಂತೆ. ಶನಿವಾರದವರೆಗೆ ಓದ್ರು. ಸೂಪರ್ವೈಜರು ಅದೆಲ್ಲಿಯೋನೋ, ಎಲ್ರ ಮುಂದೆ ‘ಲೇ’ ಅಂದ್ನಂತೆ. ಬಂದು ಬಚ್ಚಲಲ್ಲಿ ಕೂತ್ಕಂಡು ಅತ್ರು. ಆಮೇಲೆ ಯಾರತ್ರಾನೂ ಕೆಲ್ಸಕ್ಕೆ ಓಗ್ಲಿಲ್ಲ.”

ಶೋಭಾರಾಣಿಗೆ ಮಾವನ ಬಗ್ಗೆ ಅಯ್ಯೋ ಎನಿಸಿತು. ಅವರ ಕೋಪ ಎಲ್ಲಿಂದ ಬಂತು ಎನ್ನುವುದು ಈಗ ಗೊತ್ತಾಯಿತು, ಆದರೆ ಗೊತ್ತಾದ ಮಾತ್ರಕ್ಕೆ ಗೇಟು ತೆರೆದುಕೊಳ್ಳಲಿಲ್ಲ. “ಅವರ ಕಷ್ಟಕ್ಕೆ ಇವರು ಯಾಕೆ ಮನೇಲಿ ಕೂರ್ಬೇಕು?” ಎಂದಳು. ಅದಕ್ಕೆ ವೆಂಕಟಮ್ಮ, “ನಾನು ಕೂತಿಲ್ವಾ?” ಎಂದು ಸಿಪ್ಪೆ ಎತ್ತಿಕೊಂಡು ಹೊರಗೆ ಹೋದರು.

ಬೆನ್ನುನೋವು, ಬರುವುದಕ್ಕಾಗುವುದಿಲ್ಲ ಎಂದು ನಂದೀಶ ಭೀಮಪ್ಪನಿಗೆ ಹೇಳಿಬಿಟ್ಟ. ಮೆಟ್ಟಿಲ ತಿರುವಿನಲ್ಲಿ ನಿಂತಿದ್ದ ಶೋಭಾರಾಣಿಗೆ ಮೇಲಿನ ನಗು ಕೇಳಿಸಿತು.

“ಇರ್ಲಿ ಬಿಡ್ರಿ. ಓನರ್ ಮಂದಿ ಮೈ ಮೆತ್ತಗಿರ್ತಾವ. ಒಂದ ಟ್ರಿಪ್ಪಿಗೆ ಸಾಕಾತಲ್ಲ!” ಭೀಮಪ್ಪನ ಮಾತಿನಲ್ಲಿ ಕುಹಕವಿರಲಿಲ್ಲ, ಸಲಿಗೆಯೇ ಇತ್ತು. ಅದಕ್ಕೇ ಅವಳಿಗೆ ಇನ್ನೂ ಚುಚ್ಚಿತು. ಓಡಿ ಹೋಗಿ ಎಲ್ಲ ಹೇಳಿಬಿಡಬೇಕೆನಿಸಿತು. ಒಳಗಿನಿಂದ ಆ ಹುಡುಗಿ ವಿಜ್ಞಾನದ ಪಾಠವನ್ನು ಗಟ್ಟಿಯಾಗಿ ಉರು ಹೊಡೆಯುತ್ತಿದ್ದಳು. ಶೋಭಾರಾಣಿ ಹಾಗೇ ಇಳಿದು ಬಂದಳು.

ಮಗನ ಮೌನ ಶ್ಯಾಮಣ್ಣನನ್ನೂ ತಿಂದಿರಬೇಕು. ಒಂದು ಭಾನುವಾರ ಅವರು ಭಾರಿ ಹುರುಪಿನಿಂದ ಮನೆಗೆ ಬಂದರು. ಜೊತೆಗೆ ಅವರ ಚಿಕ್ಕಪ್ಪನ ಮಗ ಸೊಣ್ಣಪ್ಪ. ಸೊಣ್ಣಪ್ಪನಿಗೆ ಬೀದಿಯ ತುದಿಯಲ್ಲಿ ಬಲಕ್ಕೆ ತಿರುಗಿದರೆ ಒಂದು ಬೋರ್‌ವೆಲ್, ಅದಕ್ಕೆ ಎರಡು ನೀರಿನ ಟ್ಯಾಂಕರು.

“ಡ್ರೈವರ್ ಆಗ್ಬೇಕು ಅಂದ್ಯಲ್ಲ, ಆಗು. ಕ್ಲೀನರ್ ಯಾಕೆ, ಮೊದ್ಲ ದಿನದಿಂದ್ಲೇ ಸ್ಟೇರಿಂಗು! ನಮ್ಮೋರ ಗಾಡಿ, ನಮ್ಮ ಬೀದಿ. ಮಧ್ಯಾಹ್ನ ಮನೇಲಿ ಉಣ್ಣು.”

“ಸಂಬಳಾನೂ ಕೊಡ್ತೀನಪ್ಪ, ಪುಕ್ಕಟೆ ಅಲ್ಲ,” ಎಂದರು ಸೊಣ್ಣಪ್ಪ. “ನಿಮ್ಮಪ್ಪನ ಕೈಗೇ ಕೊಡ್ತೀನಿ, ನಮ್ಮೊಳಗೇನು.”

ನಂದೀಶ ತಲೆಯಾಡಿಸಿದ. ಹೌದೆಂದೋ ಅಲ್ಲವೆಂದೋ ಯಾರೂ ಕೇಳಲಿಲ್ಲ. ವೆಂಕಟಮ್ಮ ಪಾಯಸಕ್ಕೆ ಇಟ್ಟರು. ಅವನ ಲೈಸೆನ್ಸಿಗೆ ಸಿಹಿ ಬಂದದ್ದು ಆಗ.

ಅಲ್ಲಿಂದ ದಿನಾ ಅದೇ. ಬೋರ್‌ವೆಲ್ಲಿನಿಂದ ಅಪಾರ್ಟ್‌ಮೆಂಟಿಗೆ, ಅಪಾರ್ಟ್‌ಮೆಂಟಿನಿಂದ ಬೋರ್‌ವೆಲ್ಲಿಗೆ, ನಡುವೆ ತಮ್ಮದೇ ಸಂಪಿಗೆ. ಟಾಪ್ ಗೇರಿಗೆ ಕೆಲಸವೇ ಇರಲಿಲ್ಲ. ಟ್ಯಾಂಕರ್ ರಾತ್ರಿ ನಿಲ್ಲುವುದು ಮನೆ ಮುಂದೆ. ಬೆಳಿಗ್ಗೆ ಹೊರಡುವ ಮುಂಚೆ ನಂದೀಶ ಕೋಲು ತೆಗೆದುಕೊಂಡು ಆರೂ ಟೈರಿಗೆ ಹೊಡೆದು ನೋಡುತ್ತಿದ್ದ. “ಇಲ್ಲಿಂದಿಲ್ಲಿಗೆ ಓಗಕ್ಕೆ ಅದೇನ್ ಬಡಿತೀಯೋ,” ಎಂದು ಶ್ಯಾಮಣ್ಣ ನಗುತ್ತಿದ್ದರು. ಅವರು ಈಗ ನಗುತ್ತಿದ್ದರು. ಮಗ ದಾರಿಗೆ ಬಂದ ಎಂದು ಅಂಗಡಿಯವರ ಹತ್ತಿರ ಹೇಳಿಕೊಳ್ಳುತ್ತಿದ್ದರು.

ಟ್ರಿಪ್ ಮುಗಿಸಿ ಬಂದ ಭೀಮಪ್ಪ ಟ್ಯಾಂಕರ್ ನೋಡಿ ಖುಷಿಪಟ್ಟ. “ಕಡೀಗೂ ಸ್ಟೇರಿಂಗ್ ಹಿಡದ್ರಲ್ರಿ!” ಎಂದವನು ಸ್ವಲ್ಪ ತಡೆದು, “ಆದ್ರ ಇದು ನಮ್ಮ ಲೈನಿನ್ಯಾಗ ನಡಿಯಂಗಿಲ್ರಿ. ಓಣ್ಯಾಗ ನೀರಿನ ಗಾಡಿ ಓಡಿಸೀನಿ ಅಂದ್ರ ಯಾವ ಸಾಹುಕಾರನೂ ಅನುಭವ ಅನ್ನಂಗಿಲ್ಲ,” ಎಂದ.

ಶೋಭಾರಾಣಿ ಮಾತ್ರ ಒಂದು ದಿನಕ್ಕೆ ಕಾಯುತ್ತಿದ್ದಳು. ಪರೀಕ್ಷೆ ಮುಗಿಯಲಿ. ಮಹಾಂತಮ್ಮ ಅವಳಿಗೊಂದು ಸುದ್ದಿಯನ್ನೂ ಹೇಳಿದ್ದಳು: ಪರೀಕ್ಷೆ ಮುಗಿದ ಮೇಲೆ ಅವರೇ ಮನೆ ಬಿಟ್ಟು ನೆಲಮಂಗಲಕ್ಕೆ ಹೋಗುತ್ತಾರೆ, ಅಲ್ಲಿ ಸಾಹುಕಾರನೇ ಮನೆ ಕೊಡುತ್ತಾನೆ. ಅಂದ ಮೇಲೆ ಮಾವ ಹೆದರಿಸುವುದಕ್ಕೆ ಏನೂ ಉಳಿಯುವುದಿಲ್ಲ. ಮಾರ್ಚ್ ಪೂರ್ತಿ ಅವಳು ಆ ಹುಡುಗಿಗೆ ದಿನಾ ಗೇಟಿನಲ್ಲಿ “ಚೆನ್ನಾಗಿ ಬರಿ ಪುಟ್ಟಿ” ಎಂದು ಹೇಳಿ ಕಳಿಸಿದಳು. ಸ್ವಂತ ತಂಗಿಗೂ ಹಾಗೆ ಹಾರೈಸಿರಲಿಲ್ಲ.

ಪರೀಕ್ಷೆ ಮುಗಿಯಿತು. ಅವತ್ತು ಸಂಜೆಯೇ ಭೀಮಪ್ಪ ಮೆಟ್ಟಿಲಿಳಿಯುತ್ತ, “ನಂದೀಶಣ್ಣ, ಈಗಿನ ಕ್ಲೀನರ್ ಊರಿಗೆ ಹೋಗ್ಯಾನ್ರಿ, ತಿರಗಿ ಬರಂಗಿಲ್ಲಂತ. ನಾಳೆ ಮುಂಜಾನೆ ಒಂಬತ್ತಕ್ಕ ಮೇನ್ ರೋಡಿನ ಯಾರ್ಡ್‌ದಾಗ ಇರ್ತೀನಿ. ಬೆನ್ನು ನೆಟ್ಟಗಾಗಿದ್ರ ಬರ್ರಿ,” ಎಂದು ಹೋದ.

ಶೋಭಾರಾಣಿ ಒಂದು ಬ್ಯಾಗಿಗೆ ಎರಡು ಜೊತೆ ಬಟ್ಟೆ, ಟವೆಲ್ಲು, ಸೋಪು ತುಂಬಿದಳು. ಬಿಳಿ ಶರ್ಟನ್ನು ಬೇಕೆಂದೇ ಬಿಟ್ಟಳು. ಬೆಳಿಗ್ಗೆ ಟ್ಯಾಂಕರಿನ ಸೀಟಿನ ಕೆಳಗೆ ಬ್ಯಾಗ್ ತುರುಕಿ, “ಟ್ಯಾಂಕರ್‌ನ ಮೇನ್ ರೋಡಲ್ಲಿ ನಿಲ್ಸಿ ಹೋಗಿ. ಕೀ ಯಾರ ಹತ್ರ ಆದ್ರೂ ಕಳ್ಸಿ. ಇಲ್ಲಿ ನಾನು ನೋಡ್ಕೋತೀನಿ,” ಎಂದಳು.

“ಅಪ್ಪ?”

“ಬಯ್ತಾರೆ. ಬಯ್ಸ್ಕೋತೀನಿ.”

ಅವನು ಆರೂ ಟೈರಿಗೆ ಹೊಡೆದ. ಟಣ್, ಟಣ್. ಅವತ್ತು ಎರಡು ಸುತ್ತು ಹೊಡೆದ. ಆಮೇಲೆ ಹತ್ತಿ ಕೂತು ಅವಳ ಕಡೆ ಒಮ್ಮೆ ನೋಡಿದ. ಆ ಬೆಳಕು ಇನ್ನೂ ಸ್ವಲ್ಪ ಉಳಿದಿತ್ತು, ಅವಳು ಕಂಡಳು.

ಅವರ ಬೀದಿ ಮುಗಿಯುವಲ್ಲಿ ಅಡ್ಡರಸ್ತೆ. ಎಡಕ್ಕೆ ತಿರುಗಿದರೆ ತುಮಕೂರು ರಸ್ತೆ, ಬಲಕ್ಕೆ ತಿರುಗಿದರೆ ಸೊಣ್ಣಪ್ಪನ ಬೋರ್‌ವೆಲ್. ಶ್ಯಾಮಣ್ಣ ಕಾಫಿ ಲೋಟ ಹಿಡಿದು ಗೇಟಿಗೆ ಬಂದು ಸೊಸೆಯ ಪಕ್ಕ ನಿಂತರು. ಮಗ ಗಾಡಿ ತೆಗೆಯುವುದನ್ನು ನೋಡುವುದು ಅವರಿಗೆ ದಿನದ ಅಭ್ಯಾಸವಾಗಿತ್ತು. ಟ್ಯಾಂಕರ್ ತುದಿಗೆ ಹೋಗಿ ನಿಂತಿತು. ಎಡಗಡೆಯ ಇಂಡಿಕೇಟರ್ ಮಿನುಗಿತು.

ಶೋಭಾರಾಣಿ ಗೇಟಿನ ಕಂಬಿ ಹಿಡಿದುಕೊಂಡಳು.

ರಸ್ತೆ ಖಾಲಿಯಿತ್ತು. ಟ್ಯಾಂಕರ್ ಕದಲಲಿಲ್ಲ. ಹಿಂದೆ ಒಂದು ಆಟೋ ಬಂದು ನಿಂತು ಹಾರ್ನ್ ಹೊಡೆಯಿತು, ಅದರ ಹಿಂದೆ ಒಂದು ಸ್ಕೂಲ್ ವ್ಯಾನ್. ಎಡಗಡೆಯ ದೀಪ ಮಿನುಗುತ್ತಲೇ ಇತ್ತು. ಹೋಗಿ, ಹೋಗಿ ಎಂದು ಅವಳು ಮನಸ್ಸಿನಲ್ಲೇ ತಳ್ಳಿದಳು. ಈಗ ಅವನನ್ನು ಹಿಡಿದಿಡುವವರು ಯಾರೂ ಇರಲಿಲ್ಲ. ಮಾವನ ಕೈಯಲ್ಲಿ ಕಾಫಿ ಲೋಟ ಬಿಟ್ಟರೆ ಏನೂ ಇರಲಿಲ್ಲ. ಹಾರ್ನುಗಳು ಜಾಸ್ತಿಯಾದವು. ದೀಪ ಆರಿತು. ಟ್ಯಾಂಕರ್ ಮೆಲ್ಲಗೆ ಮುಂದಕ್ಕೆ ಸರಿದು, ದಿನಾ ಹೋಗುವ ಹಾಗೆ, ಬಲಕ್ಕೆ ತಿರುಗಿತು.

“ಎಡಕ್ಕೆ ಆಕಿ ಬಲಕ್ಕೋದ ನೋಡು,” ಎಂದರು ಶ್ಯಾಮಣ್ಣ. “ಇಂಡಿಕೇಟರ್ ಕೆಟ್ಟೈತೆ ಅನ್ಸುತ್ತೆ. ಸೊಣ್ಣಪ್ಪಂಗೆ ಏಳ್ಬೇಕು, ರಿಪೇರಿ ಮಾಡಿಸ್ಲಿ.”

“ಇಂಡಿಕೇಟರ್ ಸರಿಯಾಗೇ ಇದೆ ಮಾವ,” ಎಂದಳು ಶೋಭಾರಾಣಿ. ಲೋಟ ಇಸಿದುಕೊಂಡು, ಗೇಟು ಹಾಕಿ, ಮೋಟರ್ ಆಫ್ ಮಾಡಲು ಒಳಗೆ ಹೋದಳು.